ಹಕ್ಕಲಾ ಮನೆಯ ಗದ್ದ

ನನ್ನ ತಮ್ಮ ಡೇಲ್‌ನ ತಲೆಯಲ್ಲಿ ಹಾಕಿ ಆಟ ಬಿಟ್ಟರೆ ಬೇರೇನೂ ಇಲ್ಲ. ಊರ ಮಕ್ಕಳಿಗೆ ಐಸ್ ಮೇಲೆ ಆ ಆಟ ಕಲಿಸುತ್ತಾನೆ. ಅವನ ಮಗಳು ಐಲಾಳೂ ಆ ತಂಡದಲ್ಲಿದ್ದಾಳೆ. ಏಳು ವರ್ಷದ ಕೂಸು. ಬಾಯಿ ಮುಚ್ಚಿದರೆ ಕೆಳಗಿನ ಹಲ್ಲು ಮೇಲಿನದಕ್ಕಿಂತ ಮುಂದೆ ಬಂದು ನಿಲ್ಲುತ್ತದೆ. ಅದಕ್ಕೆ ಹೆತ್ತ ಅಪ್ಪ ಇಟ್ಟ ಅಡ್ಡಹೆಸರು ಬುಲ್‌ಡಾಗ್! ಜರ್ಸಿಯ ಬೆನ್ನ ಮೇಲೂ ಅದನ್ನೇ ಬರೆಸಿದ್ದಾನೆ, ಪುಣ್ಯಾತ್ಮ.

‘ಕ್ಲಿಪ್ ಹಾಕುವ ಡಾಕ್ಟರಿಗೆ ಒಮ್ಮೆ ತೋರಿಸಿ’ ಎಂದು ಊರಿನ ಹಲ್ಲಿನ ಡಾಕ್ಟರು ಹೇಳಿ ಚಳಿಗಾಲವೇ ಮುಗಿಯುತ್ತ ಬಂತು. ಇವನು ಕಿವಿಗೇ ಹಾಕಿಕೊಳ್ಳಲಿಲ್ಲ. ಶನಿವಾರ ಅವರು ಆಡುವ ಐಸ್ ರಿಂಕಿನಲ್ಲಿ ನೋಡಿದರೆ ಐಲಾ ಪಿಜ್ಜಾವನ್ನು ಕಚ್ಚಲಾಗದೆ ಕೈಯಲ್ಲಿ ಹರಿದು ಹರಿದು ತಿನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು.

“ಇವಳನ್ನ ಯಾವಾಗಲೋ ಕರ್ಕೊಂಡು ಹೋಗೋದು?”

“ಹಾಲುಹಲ್ಲೆಲ್ಲ ಬೀಳ್ಲಿ ಬಿಡಕ್ಕಾ. ಅಲ್ದೆ, ಹಾಕಿ ಆಡೋರ ಮುಂದಿನ ಹಲ್ಲು ಎಷ್ಟು ದಿನ ಇರುತ್ತೆ?” ತನ್ನ ಬಾಯಿಯ ಕಿಂಡಿ ತೋರಿಸಿ ನಕ್ಕ. “ಇದು ನಮ್ಮ ಹಕ್ಕಲಾ ಮನೆತನದ ಗದ್ದ ಕಣೇ. ತಾತಂದು, ಅಪ್ಪಂದು, ನಮ್ದು.”

“ನಿನ್ನ ಗದ್ದಕ್ಕಿಷ್ಟು ಬೆಂಕಿ ಹಾಕ! ನಂಗೂ ಅದೇ ಇತ್ತಲ್ಲೋ. ಎಲುಬು ಬಲಿತ ಮೇಲೆ ದವಡೆ ಕೊಯ್ಸ್ಕೊಂಡು, ಬಾಯಿಗೆ ತಂತಿ ಬಿಗಿಸ್ಕೊಂಡು, ಬರೀ ಸೂಪ್ ಹೀರ್ತಾ ಬಿದ್ದಿದ್ದೆ. ಇದಕ್ಕೂ ಅದೇ ಗತಿ ತರ್ತೀಯಾ?”

“ಪ್ರಾಕ್ಟೀಸು ಇರುತ್ತಲ್ಲ…”

“ಮಂಗಳವಾರ ಇಲ್ಲ ತಾನೆ? ನಾನೇ ಅಪಾಯಿಂಟ್‌ಮೆಂಟ್ ತಗೊಂಡಿದೀನಿ. ನೀನು ಬರ್ದಿದ್ರೆ ಐಸ್ ಒಡೆದಾದ್ರೂ ನಿನ್ನ ಸ್ಕೇಟ್ಸ್ ಕೆರೆಗೆ ಹಾಕ್ತೀನಿ!”

ಬಂದ, ಮುಖ ಗಂಟು ಹಾಕಿಕೊಂಡೇ. ಆದರೆ ಕ್ಲಿಪ್ ಹಾಕುವ ಡಾಕ್ಟರ್ ಮೊರೋ ಕುರ್ಚಿಯಲ್ಲಿ ಕೂರಿಸಿದೊಡನೆ ಐಲಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆ ಡಾಕ್ಟರಮ್ಮ ಎಷ್ಟು ಪುಸಲಾಯಿಸಿದರೂ ಕೈ ತೆಗೆಯಲಿಲ್ಲ.

“ಏನಾಯ್ತು ಬಂಗಾರ?” ಎಂದೆ.

“ಇದನ್ನ ಸರಿ ಮಾಡಿದ್ರೆ ನಾನು ಅಪ್ಪನ ಥರ ಇರಲ್ಲ ಅತ್ತೆ,” ಬೆರಳ ಸಂದಿಯಿಂದಲೇ ಅಂದಳು. “ಆಮೇಲೆ ಅಪ್ಪಂಗೆ ನಾನು ಬೇಡ ಆಗ್ತೀನಿ.”

ಡೇಲ್‌ನ ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸಿತು. “ಕೇಳಿಸ್ತೇನೋ, ಕೋಚ್ ಸಾಹೇಬ?” ಎಂದೆ.

ಅವನು ಮಗಳನ್ನು ಎತ್ತಿ ಅಪ್ಪಿಕೊಂಡು, “ಯಾರ ಥರ ಇದ್ರೂ ನೀನು ನನ್ನ ಮಗಳೇ ಕಣೆ,” ಎಂದ. ಅವಳನ್ನು ಕೆಳಗಿಳಿಸಿ ತಾನೇ ಕುರ್ಚಿಯಲ್ಲಿ ಕೂತ. “ಮೊದ್ಲು ನಂದು ನೋಡಿ ಡಾಕ್ಟ್ರೇ.”

ಅವರು ನೋಡಿದರು. “ನಿಮ್ಮ ದವಡೆ ಬಲಿತುಬಿಟ್ಟಿದೆ, ಇನ್ನು ಆಪರೇಷನ್ನೇ ದಾರಿ. ಮಕ್ಕಳದ್ದು ಇನ್ನೂ ಬೆಳೀತಿರುತ್ತೆ, ತಿದ್ದೋದು ಸುಲಭ. ಏಳು ವರ್ಷ ಆದಾಗ್ಲೇ ಒಂದ್ಸಲ ತೋರ್ಸಿ ಅನ್ನೋದು ಅದಕ್ಕೇ.”

ಐಲಾ ಬಾಯಿಂದ ಕೈ ತೆಗೆದಳು. “ಅಪ್ಪಾ, ನಿನ್ನನ್ನ ಯಾರೂ ಕರ್ಕೊಂಡು ಬರ್ಲಿಲ್ವಾ?”

ಡೇಲ್‌ನ ಕಣ್ಣು ತುಂಬಿತು. “ಇಲ್ಲ ಪುಟ್ಟಾ,” ಎಂದ. “ಯಾರೂ ಕರ್ಕೊಂಡು ಬರ್ಲಿಲ್ಲ.”

ಅವನು ಇಳಿದ. ಅವಳು ಹತ್ತಿ ಕೂತು ಬಾಯಿ ತೆರೆದಳು. ನನ್ನ ಸಿಟ್ಟು ಮಾತ್ರ ಆರಲಿಲ್ಲ. ತಮ್ಮನ ಮೇಲಿಂದ ಸರಿದು, ಚಿಕ್ಕಂದಿನಲ್ಲಿ ನಮ್ಮಿಬ್ಬರನ್ನೂ ಯಾವ ಡಾಕ್ಟರಿಗೂ ತೋರಿಸದೆ ಸತ್ತುಹೋದ ಅಪ್ಪನ ಮೇಲೆ ತಿರುಗಿತು.