ಮುಂದಿನ ಗಾಲಿಯ ನಡುಕ

ಹತ್ತೊಂಬತ್ತು ವರ್ಷಗಳಿಂದ ಆರ್ವಿಡ್ ಟೋಲೆಫ್ಸ್‌ರೂಡ್ ಸಾಲಿನ ಕೊನೆಯ ಸವಾರನಾಗಿದ್ದ. ವಿಸ್ಕಾನ್ಸಿನ್ನಿನ ಆ ಕಣಿವೆಯೂರಿನಿಂದ ಏಳು ಭಾರಿ ಬೈಕುಗಳು ನದಿಯಗುಂಟ ಹೊರಟರೆ, ಕೆಟ್ಟು ನಿಂತವರ ಬಳಿ ನಿಲ್ಲುವವನು, ದಾರಿ ತಪ್ಪಿದವರನ್ನು ಕೂಡಿಸಿ ತರುವವನು ಅವನೇ. ಹಾಲಿನ ಟ್ಯಾಂಕರ್ ಓಡಿಸಿ ನಿವೃತ್ತನಾದ, ಎಪ್ಪತ್ತಮೂರರ ಈ ಒಂಟಿ ಮನುಷ್ಯನನ್ನು ವಾರಕ್ಕೊಮ್ಮೆಯಾದರೂ ಜನರ ನಡುವೆ ತಂದು ಕೂರಿಸುತ್ತಿದ್ದದ್ದು ಆ ಕೊನೆಯ ಜಾಗವೊಂದೇ.

ಈ ಬೇಸಿಗೆಯಲ್ಲಿ ಅವನ ಬೈಕಿನ ಹ್ಯಾಂಡಲ್ ನಡುಗತೊಡಗಿತು. ವೇಗ ಇಳಿಯುತ್ತ ನಲವತ್ತು ಮೈಲಿಗೆ ಬಂದಾಗ, ನಾನೂರು ಕಿಲೋ ತೂಕದ ಆ ಯಂತ್ರ ಏನನ್ನೋ ಒಲ್ಲೆನೆಂಬಂತೆ ತಲೆಯಾಡಿಸುತ್ತಿತ್ತು.

ಆ ಸೀಮೆಯ ರೂಢಿಯಂತೆ ಶುಕ್ರವಾರದ ಮೀನಿನ ಊಟಕ್ಕೆ ಸಾಲಿನವರೆಲ್ಲ ಸೇರಿದಾಗ, ಸಾಲನ್ನು ಮುನ್ನಡೆಸುವ ಆರ್ಡಿಸ್ ಮಾತು ತೆಗೆದಳು. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಹೆಂಗಸು. ದನಿ ತಗ್ಗಿಸುವುದು ಅವಳಿಗೆ ಬರುತ್ತಿರಲಿಲ್ಲ.

"ಊರೊಳಗೆ ಬರೋವಾಗ ಕನ್ನಡೀಲಿ ನೋಡ್ದೆ ಆರ್ವಿಡ್. ನಿನ್ನ ಬೈಕಿನ ದೀಪ ಕುಡಿದೋರ ಥರ ಓಲಾಡ್ತಿತ್ತು. ನಡುಗ್ತಿರೋದು ಬೈಕೋ, ನಿನ್ನ ಕೈಯೋ?"

"ಬೈಕು. ಬೇರಿಂಗ್ ಹೋಗಿದೆ."

"ಹಾಗಾದ್ರೆ ಈ ಭಾನುವಾರ ಬಿಡು, ಮುಂದಿನ ಭಾನುವಾರದೊಳಗೆ ಸರಿ ಮಾಡ್ಕೊ. ಇಲ್ಲಾಂದ್ರೆ ಮೂರು ಚಕ್ರದ ಬೈಕು ತಗೊ. ನಡುಗೋ ಬೈಕು ನನ್ನ ಸಾಲಲ್ಲಿ ಬೇಡ."

"ಮೂರು ಚಕ್ರದ್ದು ನಮ್ಮಜ್ಜಿ ಓಡಿಸ್ಲಿ."

"ನಿಮ್ಮಜ್ಜಿ ನಿನಗಿಂತ ನೆಟ್ಟಗೆ ಓಡಿಸ್ತಿದ್ಲು ಬಿಡೋ," ಎಂದ ಪಕ್ಕದಲ್ಲಿ ಕೂತಿದ್ದ ಲೈಲ್ ಹ್ರುಸ್ಕಾ, ಅವನ ಹಳೆಯ ಗೆಳೆಯ. ಎಲ್ಲರೂ ನಕ್ಕರು. ಆರ್ವಿಡ್ ಕೂಡ ನಕ್ಕ. ಎಡಗೈಯನ್ನು ಮಾತ್ರ ಮೇಜಿನ ಕೆಳಗೆ ಮೊಣಕಾಲುಗಳ ನಡುವೆ ಒತ್ತಿಹಿಡಿದಿದ್ದ.

ಆ ವಾರವೆಲ್ಲ ಅವನು ಶೆಡ್ಡಿನಲ್ಲೇ ಕಳೆದ. ಮುಂದಿನ ಟೈರು ಹೊಸದಾಯಿತು. ಹ್ಯಾಂಡಲಿನ ಬುಡದ ಗುಂಡು ಬೇರಿಂಗ್ ಹೋಗಿ ಗಟ್ಟಿಮುಟ್ಟಾದ ಬೇರೆ ಬಗೆಯದು ಕೂತಿತು. ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕಿನೊಳಗೆ ಬಿಗಿ ಸ್ಪ್ರಿಂಗು, ಅದರ ಎರಡು ಕಾಲುಗಳನ್ನು ಜೋಡಿಸಿ ಹಿಡಿಯಲು ಅಡ್ಡಪಟ್ಟಿ. ಕೊನೆಗೆ ಗಾಲಿಯನ್ನು ನೆಲದಿಂದೆತ್ತಿ ಹ್ಯಾಂಡಲನ್ನು ಬೆರಳ ತುದಿಯಿಂದ ನೂಕಿದ. ಅದು ತನ್ನ ಭಾರಕ್ಕೆ ತಾನೇ ವಾಲಿ, ಎರಡು ಸಲ ತೂಗಿ, ನಿಂತಿತು. ಕಂಪನಿಯ ಪುಸ್ತಕದಲ್ಲಿ ಬರೆದಿದ್ದುದು ಹೀಗೆಯೇ. ಇನ್ನು ಸುಧಾರಿಸಲು ಏನೂ ಉಳಿದಿರಲಿಲ್ಲ. ಮರುದಿನ ರಸ್ತೆಗಿಳಿಸಿದಾಗ, ನಲವತ್ತಕ್ಕೆ, ಅದು ಮತ್ತೆ ತಲೆಯಾಡಿಸಿತು.

ಮುಂದಿನ ಶುಕ್ರವಾರ ಬೆಳಿಗ್ಗೆ ಲೈಲ್ ಬಂದ. ಅವನ ಬೈಕು ಅದೇ ಕಂಪನಿಯದು, ಹೋದ ವರ್ಷ ಕೊಂಡದ್ದು.

"ಅದಲುಬದಲು ಮಾಡೋಣ. ನಿನ್ನದು ನಾನು ಓಡಿಸ್ತೀನಿ, ನನ್ನದು ನೀನು ಓಡ್ಸು. ರೋಗ ಎಲ್ಲಿದೆ ಗೊತ್ತಾಗುತ್ತೆ."

"ಕೆಡವಿದ್ರೆ ನಿನ್ನನ್ನ ಅಲ್ಲೇ ಬಿಟ್ಟು ಬರ್ತೀನಿ ನೋಡು."

"ಬೈಕು ಎತ್ತೋಕಾದ್ರೂ ನಿಂತ್ಕೊಳ್ಳೋ ಪುಣ್ಯಾತ್ಮ."

ಗುಡ್ಡದ ನೆತ್ತಿಯಿಂದ ರಸ್ತೆ ಒಣಗಿದ ಜೋಳದ ಹೊಲಗಳ ನಡುವೆ ನದಿಯತ್ತ ಇಳಿಯುತ್ತಿತ್ತು. ಲೈಲ್ ಮುಂದೆ, ಆರ್ವಿಡ್ ಹಿಂದೆ. ಇಳಿಜಾರು ಮುಗಿದಲ್ಲಿ ಲೈಲ್ ವೇಗ ತಗ್ಗಿಸಿದ. ತಗ್ಗಿಸಿ, ಎರಡೂ ಕೈಗಳನ್ನು ಹ್ಯಾಂಡಲಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಆರ್ವಿಡ್‌ನ ಬೈಕು, ಯಾರೂ ಹಿಡಿಯದೆ, ಗೆರೆ ಎಳೆದಂತೆ ನೇರವಾಗಿ ಸಾಗಿತು. ಅದೇ ಗಳಿಗೆಯಲ್ಲಿ ಆರ್ವಿಡ್‌ನ ಅಂಗೈಗಳ ಕೆಳಗೆ ಲೈಲ್‌ನ ಹೊಸ ಬೈಕು ನಿಧಾನವಾಗಿ ತಲೆಯಾಡಿಸತೊಡಗಿತು.

ನದಿಯ ದಡದಲ್ಲಿ ಇಬ್ಬರೂ ಇಳಿದರು. ಲೈಲ್ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಬಹಳ ಹೊತ್ತು ಒರೆಸಿದ.

"ನಿನ್ನದು ಭಾರೀ ನಡುಗುತ್ತೆ ಮಾರಾಯ," ಎಂದ. "ಆ ಬೇರಿಂಗ್ ಇನ್ನೂ ಸರಿಯಾಗಿ ಕೂತಿಲ್ಲ."

ನೀನು ಕೈ ಬಿಟ್ಟದ್ದನ್ನು ನಾನು ಕಂಡೆ ಎಂಬ ಮಾತು ಆರ್ವಿಡ್‌ನ ನಾಲಿಗೆಯ ತುದಿಗೆ ಬಂತು. ಲೈಲ್‌ನೆದುರು ಎರಡು ಕನ್ನಡಿಗಳಿದ್ದುದೂ, ಹಿಂದೆ ಓಲಾಡಿದ ದೀಪ ಅವುಗಳಲ್ಲಿ ಕಂಡಿರಬೇಕೆಂಬುದೂ ಹೊಳೆಯಿತು.

"ನನ್ನದು ಹೇಗಿತ್ತು?" ಎಂದು ಲೈಲ್ ಕೇಳಿದ.

"ಬಂಡೆ ಥರ. ಅಲುಗಾಡ್ಲಿಲ್ಲ."

ಲೈಲ್ ಅವನ ಬೈಕಿನ ಕೀಲಿಯನ್ನು ಅವನಿಗೆ ಮರಳಿಸಿದ.

"ಭಾನುವಾರ ಇದನ್ನ ತರ್ಬೇಡ. ಇನ್ನೊಂದ್ಸಲ ಬಿಚ್ಚು. ಆರ್ಡಿಸ್‌ಗೆ ನಾನು ಹೇಳ್ತೀನಿ, ಬೈಕಿಂದೇ ತೊಂದ್ರೆ ಅಂತ."

ಇಷ್ಟು ಜತನದಿಂದ ಆರ್ವಿಡ್‌ಗೆ ಯಾರೂ ಸುಳ್ಳು ಹೇಳಿರಲಿಲ್ಲ. ಈವರೆಗೆ ಆ ಸುಳ್ಳಿನೊಳಗೆ ಅವನೊಬ್ಬನೇ ಇದ್ದ. ಈಗ ಲೈಲ್ ಬಂದು ಪಕ್ಕದಲ್ಲಿ ನಿಂತಿದ್ದ. ಆದರೂ ಒಂಟಿತನ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ.

ತಮ್ಮ ತಮ್ಮ ಬೈಕೇರಿ ಇಪ್ಪತ್ತರ ವೇಗದಲ್ಲಿ ಹಿಂದಿರುಗಿದರು. ಮನೆಯವರೆಗೂ ಲೈಲ್ ಅವನ ಹಿಂದೆಯೇ ಬಂದ. ಕನ್ನಡಿಯಲ್ಲಿ ತನ್ನನ್ನು ಕಾಯುವ ದೀಪವೊಂದನ್ನು ಕಾಣುವುದು ಆರ್ವಿಡ್‌ಗೆ ಹೊಸತು.

ಭಾನುವಾರ ಬೆಳಿಗ್ಗೆ ಅವನು ಶೆಡ್ಡಿನ ಬಾಗಿಲು ತೆರೆದಿಟ್ಟು, ಏನೂ ಕೆಡದ ಫೋರ್ಕನ್ನು ಬಿಚ್ಚಿದ. ಒಂಬತ್ತಕ್ಕೆ ಸಾಲಿನವರು ಬಂದರು. ಹಾದುಹೋಗುವಾಗ ಒಬ್ಬೊಬ್ಬರೂ ಬೈಕಿನವರ ರೂಢಿಯಂತೆ ಎಡಗೈಯನ್ನು ಕೆಳಕ್ಕೆ ಚಾಚಿ ವಂದಿಸಿದರು. ಆರ್ವಿಡ್ ಎರಡೂ ಕೈಗಳಲ್ಲಿ ಫೋರ್ಕಿನ ಕೊಳವೆಯನ್ನು ಎದೆಗವಚಿಕೊಂಡು ನಿಂತಿದ್ದ. ಕೈ ತುಂಬ ಕೆಲಸವಿದ್ದವನು ಕೈ ಎತ್ತಬೇಕಾಗಿಲ್ಲ.

ಕೊನೆಯವನಾಗಿ ಬಂದ ಲೈಲ್ ಗೇಟಿನೆದುರು ನಿಧಾನಿಸಿದ, ಒಂದು ಕಾಲನ್ನು ನೆಲಕ್ಕೂರಿದ. ಏನೋ ಹೇಳಲು ಬಾಯಿ ತೆರೆದ.

"ಏನ್ ನಿಂತ್ಕೊಂಡೆ?" ಎಂದು ಆರ್ವಿಡ್ ಕೂಗಿದ. "ಹೋಗೋ ಮುದುಕ. ಅವರೆಲ್ಲ ತಿರುವು ದಾಟಿದ್ರು. ಕೊನೇಲಿ ಇರೋನೇ ಹಿಂದೆ ಬಿದ್ರೆ ಕರ್ಕೊಂಡು ಬರೋಕೆ ಯಾರೂ ಇರಲ್ಲ."