ನೇತ್ರಾಳ ಓಕೆ

“ಓಕೆ ಅಂದ್ಲು. ಲಗೂನ ಸಕ್ಕರಿ ತಗೊಂಡ ಬಾ,” ಎಂದು ಅಡುಗೆಮನೆಗೆ ಇಣುಕಿ ಹೇಳಿದ ಸಂಗನಬಸವ, ಹೆಂಡತಿಯ ಮುಖವನ್ನೂ ನೋಡದೆ ಪಡಸಾಲೆಗೆ ತಿರುಗಿದ. ಅಲ್ಲಿ ಹೆಣ್ಣು ನೋಡಲು ತಿಕೋಟಾದಿಂದ ಬಂದ ಹುಡುಗ ರಾಹುಲ, ಅವನ ಅಜ್ಜಿ ರುದ್ರವ್ವ, ಅವರ ಕಡೆಯ ಹಿರಿಯರು ಕಾದು ಕುಳಿತಿದ್ದರು. ಎರಡೂ ಕಡೆಯವರ ಬಾಯಿಗೆ ಸಕ್ಕರೆ ಬಿದ್ದರೆ ಮಾತು ಗಟ್ಟಿಯಾದಂತೆ. ಆಮೇಲೆ ಹಿಂದೆ ಸರಿದರೆ ತಾವಿರುವ ಜಲನಗರದಲ್ಲಷ್ಟೇ ಅಲ್ಲ, ತಿಕೋಟಾದಲ್ಲೂ ಮರ್ಯಾದೆ ಉಳಿಯದು.

ವಿದ್ಯಾವತಿ ತಟ್ಟೆಗೆ ಸಕ್ಕರೆ ಸುರಿದಳು. ಎತ್ತಿಕೊಳ್ಳಲು ಮಾತ್ರ ಕೈ ಬರಲಿಲ್ಲ.

ಮಗಳು ನೇತ್ರಾಳ ಓಕೆಗಳನ್ನು ಹೆತ್ತವಳಲ್ಲದೆ ಇನ್ಯಾರು ಬಲ್ಲರು? ಊಟಕ್ಕೆ ಕರೆದರೆ ಮೊಬೈಲಿನಿಂದ ಕಣ್ಣು ತೆಗೆಯದೆ ಎಸೆಯುವ ಓಕೆ. ಅಂದರೆ ಸದ್ಯಕ್ಕೆ ಬರುವುದಿಲ್ಲ. ಗೆಳತಿ ಮಿನಾಜಳ ಫೋನು ಇಡುವಾಗ ಓಕೆ ಓಕೆ ಓಕೆ. ಅದರ ಮೇಲೆ ಮತ್ತೆ ಅರ್ಧ ತಾಸು ಹರಟೆ. ಜ್ವರದ ಹಣೆ ಮುಟ್ಟಿದರೆ “ನಾ ಓಕೆ ಅದೀನಿ ಬೇ” ಎಂಬ ಶುದ್ಧ ಸುಳ್ಳು. ಇನ್ನೂ ಒಂದಿತ್ತು. ಧಾರವಾಡಕ್ಕೆ ಓದಲು ಕಳಿಸುವುದಿಲ್ಲ ಎಂದು ಅಪ್ಪ ಹೇಳಿದಾಗ ತಗ್ಗಿದ ದನಿಯಲ್ಲಿ ಅಂದಿದ್ದಳು, “ಓಕೆ ಅಪ್ಪಾ.” ಮರುದಿನ ಪುಸ್ತಕಗಳನ್ನೆಲ್ಲ ಕಟ್ಟಿ ಮಿನಾಜಳಿಗೆ ಕೊಟ್ಟುಬಂದಳು. ಮಗಳು ಎಷ್ಟು ಸಮಾಧಾನಿ ಎಂದು ಸಂಗನಬಸವ ಇವತ್ತಿಗೂ ಹೊಗಳುತ್ತಾನೆ, ಪುಣ್ಯಾತ್ಮ.

ವಿದ್ಯಾವತಿ ಒಳಕೋಣೆಗೆ ಹೋದಳು. ರೇಷ್ಮೆ ಸೀರೆಯುಟ್ಟ ನೇತ್ರಾ ಮಂಚದ ತುದಿಯಲ್ಲಿ ಕುಳಿತು ಉಗುರು ನೋಡಿಕೊಳ್ಳುತ್ತಿದ್ದಳು.

“ನಿನಗ ಮನಸೈತೇನವಾ?”

“ಓಕೆ ಅಂದೀನಲ್ಲ ಬೇ.”

ಅದೇ ತಗ್ಗಿದ ದನಿ. ವಿದ್ಯಾವತಿಯ ಮದುವೆಯ ಕಾಲಕ್ಕೆ ಇಷ್ಟನ್ನೂ ಯಾರೂ ಕೇಳಿರಲಿಲ್ಲ. ತಲೆ ತಗ್ಗಿಸಿದ್ದನ್ನೇ ಒಪ್ಪಿಗೆ ಎಂದುಕೊಂಡಿದ್ದರು.

ಬರಿಗೈಯಲ್ಲೇ ಪಡಸಾಲೆಗೆ ಬಂದಳು.

“ಸಕ್ಕರಿ ಇವತ್ತ ಬ್ಯಾಡ್ರಿ. ಹುಡುಗಿ ಇನ್ನೂ ಒಪ್ಪಿಲ್ಲ.”

“ಓಕೆ ಅಂದಾಳಂತ ಈಗ ಹೇಳಿದ್ರಲ್ಲವಾ?” ರುದ್ರವ್ವ ಕೇಳಿದಳು.

“ಅಂದಾಳ್ರಿ. ನಾವು ಏನ ಹೇಳಿದ್ರೂ ಅಂತಾಳ. ಅಕಿಗೆ ಹಂಗ ಕಲಿಸಿದವರು ನಾವ ರಿ.”

ರಾಹುಲ ನೆಲ ನೋಡಿದ. ಹಿರಿಯರೊಬ್ಬರು ಟವೆಲು ಕೊಡವಿ ಎದ್ದರು. ಹೊಸ್ತಿಲು ದಾಟುವಾಗ ರುದ್ರವ್ವ, “ಮೊದಲ ಕೇಳಿ ನಮ್ಮನ್ನ ಕರಸಬೇಕಿತ್ತವಾ,” ಎಂದಷ್ಟೇ ಹೇಳಿದಳು. ಬೈದಿದ್ದರೇ ವಾಸಿಯಿತ್ತು.

ಅವರ ಕಾರು ಸರಿದ ಮೇಲೆ ಸಂಗನಬಸವ, “ಮಂದ್ಯಾಗ ನನ್ನ ಮಾನ ಕಳದಿ,” ಎಂದು ಬೈಕು ಹತ್ತಿ ಹೊರಟೇಹೋದ. ವಿದ್ಯಾವತಿ ಅಡುಗೆಮನೆಯ ಗೋಡೆಗೆ ಒರಗಿದಳು. ತಾನೇ ತಪ್ಪು ತಿಳಿದಿದ್ದರೆ? ಮಗಳ ಬಾಳನ್ನು ಕೈಯಾರೆ ಕೆಡಿಸಿದ್ದರೆ?

ನೇತ್ರಾ ಬಂದಳು. ಬುಟ್ಟಿಯಿಂದ ಬೆಳಗಿನ ರೊಟ್ಟಿ ತೆಗೆದು, ಶೇಂಗಾ ಚಟ್ನಿಗೆ ಮೊಸರು ಸುರಿದುಕೊಂಡು ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕುಳಿತಳು. ಒಂದು ತುತ್ತು ಇಳಿಯುವ ಮೊದಲೇ ಇನ್ನೊಂದು ಮುರಿದಳು.

“ಇದು ಸಾಲೂದಿಲ್ಲ ಬೇ,” ಎಂದಳು, ತುಂಬಿದ ಬಾಯಲ್ಲಿ. “ನನಗ ಬಿಸಿ ರೊಟ್ಟಿ ಬೇಕು.”

ವಿದ್ಯಾವತಿ ಒಲೆ ಹೊತ್ತಿಸಿದಳು.