ಅಂಜಿದ ಜಾಗದ ಮಣ್ಣು

ಆದವಾನಿಯ ಜಿನ್ನಿಂಗ್ ಮಿಲ್ಲಿನ ಹತ್ತಿ ರಾಶಿಗೆ ಬೆಂಕಿ ಬಿದ್ದು ಎಂಟು ದಿನವಾಗಿತ್ತು. ಅಲ್ಲಿ ಕೆಲಸಕ್ಕಿದ್ದ ಹುಲಿಗೇಶ ಕೂದಲೂ ಕೊಂಕದೆ ಉಳಿದುಬಂದಿದ್ದ. ಆದರೆ ಅವನಿಗೆ ಬುತ್ತಿ ಒಯ್ದಿದ್ದ ಮಗಳು ಹರ್ಷಿತಾ ಅಂದಿನಿಂದ ಹೊಸಿಲ ಹೊರಗೆ ಬಾಯಿ ಬಿಟ್ಟಿರಲಿಲ್ಲ. ಮನೆಯಲ್ಲೂ ಪಿಸುಮಾತೇ. ಇವತ್ತು ಹನ್ನೊಂದಕ್ಕೆ ಶಾಲೆಯಲ್ಲಿ ಅವಳು ಒಂದು ಇಂಗ್ಲಿಷ್ ಪದದ ಹುಟ್ಟನ್ನು ಹೇಳಬೇಕು. ದನಿಯೇ ಹೋಗಿಬಿಟ್ಟಿದ್ದರೆ? ಅವಳ ಜಡೆ ಹೆಣೆಯುತ್ತಿದ್ದ ತಾಯಿ ಈಶ್ವರಿ ಎಳೆ ತಪ್ಪಿ ಮತ್ತೆ ಬಿಚ್ಚಿದಳು.

"ಮಿಲ್ಲಿನ ಗೇಟಿನ ಮಣ್ಣು ತಂದು ಮೂರು ಸಲ ಹಣೀಗೆ ಹಚ್ಚಿ ಹೆಸರು ಹಿಡಿದು ಕರದೀನಿ," ಎಂದು ಅತ್ತೆ ಬಸಲಿಂಗಮ್ಮ ಗೊಣಗಿದಳು. "ಅಂಜಿದ ಜಾಗದ ಮಣ್ಣು ಹಚ್ಚಿ ಕರದ್ರ ಹೆದರಿ ಹೋದ ಜೀವ ವಾಪಸ್ ಬರ್ತೈತಿ, ಹಿಡೀಲೇಬೇಕಿತ್ತು."

"ಯಾವ ಪದಾನವ್ವ? ನನಗಷ್ಟೇ ಹೇಳು," ಎಂದಳು ಈಶ್ವರಿ.

"ಅಫ್ರೇಡ್. ಅಂದ್ರ ಅಂಜಿದಾಕಿ," ಎಂದು ಹರ್ಷಿತಾ ಪಿಸುಗುಟ್ಟಿದಳು.

ಈಶ್ವರಿ ಜಡೆ ಬಿಟ್ಟು ಮಗಳ ಮುಖ ತನ್ನತ್ತ ತಿರುಗಿಸಿಕೊಂಡಳು. "ಬ್ಯಾರೆ ಸಿಗಲಿಲ್ಲೇನ?"

"ಚೀಟಿ ಎತ್ತಿದಾಗ ಅದೇ ಬಂತು. ಜರ್ಮನ್ ಕಡೆಯವರ ಹಳೇ ಮಾತಿನಾಗ ಶಾಂತಿಗೆ ಒಂದು ಪದ ಇತ್ತಂತ. ಅದಕ್ಕ 'ಹೊರಗ' ಅನ್ನೋದು ಸೇರಿ ಫ್ರೆಂಚಿನಾಗ ಬೆದರಿಸು ಅಂತಾತು. ಆಮ್ಯಾಲ ಇಂಗ್ಲಿಷಿಗೆ ಬಂತು. ಶಾಂತಿಯಿಂದ ಹೊರಗ ಎಳದಂಗ."

"ಎಳಕೊಂಡು ಹೋದದ್ದನ್ನ ನಾ ವಾಪಸ್ ಕರೀತೀನಿ, ಫೀಸಿಲ್ಲದ!" ಎಂದಳು ಬಸಲಿಂಗಮ್ಮ.

ಈಶ್ವರಿಗೆ ನಗು ಬರಲಿಲ್ಲ. "ನಿನ್ನ ಆ ಅಂಜಿಕಿ ಎಲ್ಲಿ ಎಳೀತವ್ವ? ಗೇಟಿನಾಗಾ?"

ಹರ್ಷಿತಾ ತಲೆಯಾಡಿಸಿದಳು. "ಅಲ್ಲಿ ಅಪ್ಪ ಹೊರಗ ಬಂದದ್ದು ಕಣ್ಣಾರೆ ನೋಡಿದ್ದೆ. ಹೇಳಾಕ ಓಡಿ ಬಂದೆ. ನೀ ಬಾಗಿಲಾಗ ಎದಿ ಬಡ್ಕೊಂತಿದ್ದಿ. ನಾ ಬಾಯಿ ತೆರದ ಕೂಡ್ಲೆ ಕೈಲೆ ಮುಚ್ಚಿಬಿಟ್ಟಿ. 'ಹೇಳಬ್ಯಾಡ, ಹೇಳಬ್ಯಾಡ' ಅಂದಿ."

ಈಶ್ವರಿಗೆ ನೆನಪಾಯಿತು. ಅಂಗೈಯೊಳಗೆ ಒದ್ದಾಡಿದ ಆ ಪುಟ್ಟ ತುಟಿಗಳು. ಕೆಟ್ಟ ಸುದ್ದಿಯೇ ಎಂದು ತಾನೇ ಅಂದುಕೊಂಡಿದ್ದಳು.

ಬಸಲಿಂಗಮ್ಮ ಬಾಗಿಲಿಂದ ಸರಿದು ನಿಂತಳು. ಈಶ್ವರಿ ಮಗಳನ್ನು ಹೊಸಿಲ ಹೊರಗೆ ಕರೆತಂದು, ಅಲ್ಲಿನದೇ ಚಿಟಿಕೆ ಮಣ್ಣು ಎತ್ತಿ ಹಣೆಗಿಟ್ಟಳು.

"ಹರ್ಷಿತಾ, ಬಾರವ್ವ ಮನಿಗೆ. ಅವತ್ತು ಏನು ಹೇಳಾಕ ಬಂದಿದ್ದಿ? ಈಗ ಹೇಳು."

ಹುಡುಗಿ ಬಾಯಿ ತೆರೆದಳು. ದನಿಯಿಲ್ಲ. ಈಶ್ವರಿಯ ಕೈ ಅವತ್ತಿನ ಹಾಗೇ ತಂತಾನೇ ಅವಳ ಬಾಯಿಯತ್ತ ಎದ್ದಿತು. ಅದನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿ ಹಿಡಿದುಕೊಂಡಳು.

"ಅಪ್ಪ ಉಳದಾನ."

"ಕೇಳಸಲಿಲ್ಲವ್ವ."

"ಅಪ್ಪ ಉಳದಾನ!"

ಎದುರು ಮನೆಯ ಲಿಂಗಕ್ಕ ಕೊಡ ಹಿಡಿದೇ ತಿರುಗಿ ನೋಡಿದಳು. ಓಣಿಯ ತುದಿಯಲ್ಲಿ ಶಾಲೆಯ ಆಟೋ ಹಾರ್ನ್ ಹೊಡೆಯಿತು. "ನಿಲ್ಲಣ್ಣಾ, ಬಂದೆ!" ಎಂದು ಹರ್ಷಿತಾ ಕೂಗಿ ಓಡಿದಳು.

ಈಶ್ವರಿ ಕೈಗೆ ಸುತ್ತಿದ ಸೆರಗು ಬಿಡಲಿಲ್ಲ. ಮಗಳು ಶಾಲೆಯಲ್ಲಿ ಬಾಯಿ ತೆರೆಯಬೇಕಾದ ಹನ್ನೊಂದಕ್ಕೆ ಇನ್ನೂ ಒಂದು ತಾಸಿತ್ತು.